ಹೋಗಿ ಬರುತ್ತೇನೆ

ಮಕ್ಕಳೇ, ಬೆಳಿಗ್ಗೆ ಶಾಲೆಗೆ ಹೊರಡುವಾಗ ನೀವು ಮನೆಯಲ್ಲಿ ಏನು ಹೇಳುತ್ತೀರಿ? "ಅವ್ವಾ, ಹೋಗಿ ಬರ್ತೀನಿ" ಎನ್ನುತ್ತೀರಲ್ಲವೆ? ಅವಸರದಲ್ಲಿ ಬರೀ "ಹೋಗ್ತೀನಿ" ಎಂದರೆ ಅಜ್ಜಿ ಬಿಡುವುದಿಲ್ಲ. "ಹೋಗ್ತೀನಿ ಅನಬಾರದು, ಹೋಗಿ ಬರ್ತೀನಿ ಅನ್ನು" ಎಂದು ತಿದ್ದುತ್ತಾಳೆ. ಹೋದವರು ಕ್ಷೇಮವಾಗಿ ಮರಳಿ ಬರಲಿ ಎಂಬ ಹಾರೈಕೆ ಆ ಒಂದು ಮಾತಿನಲ್ಲಿದೆ.

ನಮ್ಮಿಂದ ಬಹು ದೂರದಲ್ಲಿ ಸಮುದ್ರದ ನಡುವೆ ಜಪಾನ್ ಎಂಬ ದೇಶವಿದೆ. ಅಲ್ಲಿನ ಮಕ್ಕಳು ಮನೆಯಿಂದ ಹೊರಡುವಾಗ "ಇತ್ತೆ ಕಿಮಾಸ್" ಎನ್ನುತ್ತಾರೆ. "ಇತ್ತೆ" ಎಂದರೆ ಹೋಗಿ, "ಕಿಮಾಸ್" ಎಂದರೆ ಬರುತ್ತೇನೆ. ನಮ್ಮ ಮಾತೇ ಅಲ್ಲಿಯೂ ಇದೆ! ಮನೆಯವರು "ಇತ್ತೆರಾಶ್ಶಾಯ್" ಎಂದು ಉತ್ತರಿಸುತ್ತಾರೆ. ಅಂದರೆ "ಹೋಗಿ ಬಾ". ಸಂಜೆ ಮನೆಗೆ ಬಂದ ಮಗು "ತದಾಯಿಮಾ", ಈಗ ಬಂದೆ, ಎಂದು ಕೂಗುತ್ತದೆ. ಒಳಗಿನಿಂದ "ಒಕಾಯೆರಿ", ಬಂದೆಯಾ, ಬಾ, ಎಂಬ ಉತ್ತರ ಬರುತ್ತದೆ.

ಈ ನಾಲ್ಕು ಮಾತುಗಳನ್ನು ಮೊದಲ ವಾರದಲ್ಲೇ ಕಲಿಯಬೇಕಾದ ಕೆಲವು ಮಕ್ಕಳಿದ್ದಾರೆ. ಅವರು ಜಪಾನಿನವರಲ್ಲ. ಬೇರೆ ದೇಶದಿಂದ ಅಲ್ಲಿಗೆ ಓದಲು ಹೋದ ಹದಿಹರೆಯದ ಹುಡುಗ ಹುಡುಗಿಯರು. ಅವರನ್ನು ವಿನಿಮಯ ವಿದ್ಯಾರ್ಥಿಗಳು ಎಂದು ಕರೆಯುತ್ತಾರೆ. ಅವರ ದಿನನಿತ್ಯದ ಬದುಕಿನಿಂದ ನಾವು ಒಂದು ಪಾಠ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಅದು ಯಾವ ಪಾಠ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ವಿನಿಮಯ ಎಂದರೆ ಕೊಟ್ಟು ತೆಗೆದುಕೊಳ್ಳುವುದು. ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶಕ್ಕೆ ಹೋಗಿ ಕೆಲವು ತಿಂಗಳು ಅಥವಾ ಒಂದು ವರ್ಷ ಅಲ್ಲಿಯ ಶಾಲೆಯಲ್ಲಿ ಓದುತ್ತಾನೆ. ಅಲ್ಲಿಯದೇ ಒಂದು ಕುಟುಂಬದಲ್ಲಿ ಮಗುವಾಗಿ ಇರುತ್ತಾನೆ. ಸಾಮಾನ್ಯವಾಗಿ ಇಂಥವರ ವಯಸ್ಸು 15ರಿಂದ 18 ಅಥವಾ 19.

ಈ ಪದ್ಧತಿಯ ಹಿಂದೆ ಒಂದು ಕಥೆಯಿದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. 1915ರಲ್ಲಿ ಅಮೆರಿಕದ ಕೆಲವು ಸ್ವಯಂಸೇವಕರು ಫ್ರಾನ್ಸಿನಲ್ಲಿ ಒಂದು ತಂಡ ಕಟ್ಟಿದರು. ಗಾಯಗೊಂಡ ಸೈನಿಕರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುವುದು ಅವರ ಕೆಲಸ. ಆ ಸಂಸ್ಥೆಯ ಹೆಸರು ಅಮೆರಿಕನ್ ಫೀಲ್ಡ್ ಸರ್ವೀಸ್, ಚಿಕ್ಕದಾಗಿ ಎ.ಎಫ್.ಎಸ್. ಎರಡನೆಯ ಮಹಾಯುದ್ಧದಲ್ಲಿಯೂ ಅವರು ಇದೇ ಸೇವೆ ಮಾಡಿದರು. ಎರಡು ಯುದ್ಧಗಳ ನೋವನ್ನು ಕಣ್ಣಾರೆ ಕಂಡವರಿಗೆ ಒಂದು ವಿಚಾರ ಹೊಳೆಯಿತು. ಬೇರೆ ಬೇರೆ ದೇಶದ ಮಕ್ಕಳು ಒಂದೇ ಮನೆಯಲ್ಲಿ ಉಂಡು, ಒಂದೇ ಬೆಂಚಿನ ಮೇಲೆ ಕುಳಿತು ಬೆಳೆದರೆ ಮುಂದೆ ಒಬ್ಬರನ್ನೊಬ್ಬರು ಶತ್ರುಗಳೆಂದು ಭಾವಿಸುವುದು ಕಷ್ಟವಾಗುತ್ತದೆ. ಹೀಗೆ ಯೋಚಿಸಿ, ಸ್ಟೀಫನ್ ಗಲಾಟಿ ಎಂಬ ಮುಖ್ಯಸ್ಥರ ಕಾಲದಲ್ಲಿ, 1947ರಲ್ಲಿ ಅವರು ಬೇರೆ ದೇಶಗಳ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಆರಂಭಿಸಿದರು. ಗಾಯಾಳುಗಳನ್ನು ಸಾಗಿಸಿದವರೇ ಮಕ್ಕಳನ್ನು ಒಂದುಗೂಡಿಸಲು ಮುಂದಾದರು.

ಇಂದು ಇಂಥ ಕೆಲಸ ಮಾಡುವ ಸಂಸ್ಥೆಗಳು ಹಲವು ಇವೆ. ರೋಟರಿ ಸಂಸ್ಥೆಯೂ ಅವುಗಳಲ್ಲಿ ಒಂದು. 2018ರಲ್ಲಿ ಜಪಾನ್ ಸರ್ಕಾರದ ನೆರವಿನಿಂದ "ಏಷ್ಯಾ ಕಾಕೆಹಾಶಿ" ಎಂಬ ಯೋಜನೆ ಆರಂಭವಾಯಿತು. ಕಾಕೆಹಾಶಿ ಎಂದರೆ ಸೇತುವೆ. ಭಾರತವೂ ಸೇರಿದಂತೆ ಏಷ್ಯಾದ ಅನೇಕ ದೇಶಗಳ ಹೈಸ್ಕೂಲ್ ವಿದ್ಯಾರ್ಥಿಗಳು ಈ ಯೋಜನೆಯಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಶಾಲೆಗಳಲ್ಲಿ ಓದಿದರು.

ಈಗ ಒಂದು ಕೆಲಸ ಮಾಡೋಣ. ನೀವು ಬೆಳೆದು ಹದಿನಾರು ವರ್ಷದವರಾಗಿದ್ದೀರಿ, ಜಪಾನಿನ ಒಂದು ಚಿಕ್ಕ ಪಟ್ಟಣದ ಮನೆಗೆ ಹೋಗಿದ್ದೀರಿ ಎಂದು ಊಹಿಸಿಕೊಳ್ಳಿ. ಅಲ್ಲಿ ನಿಮ್ಮ ಒಂದು ದಿನ ಹೇಗಿರುತ್ತದೆ?

ಬೆಳಿಗ್ಗೆ ಬೇಗ ಏಳಬೇಕು. ಜಪಾನಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಶಾಲೆಗೆ ಹೊರಡುವ ಹೊತ್ತಿನಲ್ಲಿ ನಿಮ್ಮ ಊರಿನಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಬಾಗಿಲಿನ ಬಳಿ ಚಪ್ಪಲಿ ಬಿಡಲು ತಗ್ಗಾದ ಒಂದು ಜಾಗವಿದೆ. ಹೊರಗಿನ ಬೂಟು ಅಲ್ಲಿಂದ ಒಂದು ಹೆಜ್ಜೆಯೂ ಒಳಗೆ ಬರಬಾರದು. ಬಿಟ್ಟ ಬೂಟುಗಳ ತುದಿ ಬಾಗಿಲಿನ ಕಡೆಗೆ ಇರುವಂತೆ ಜೋಡಿಸಿಡಬೇಕು. ಚಪ್ಪಲಿ ಹೊರಗೆ ಬಿಡುವುದು ನಿಮಗೆ ಹೊಸದಲ್ಲ. ಆದರೆ ಶೌಚಾಲಯಕ್ಕೇ ಬೇರೆ ಚಪ್ಪಲಿ ಇರುತ್ತದೆ. ಅದನ್ನು ಮೆಟ್ಟಿಕೊಂಡೇ ನೀವು ಊಟದ ಕೋಣೆಗೆ ಬಂದುಬಿಟ್ಟಿರಿ ಎನ್ನಿ, ಮನೆಯವರೆಲ್ಲ ನಿಮ್ಮ ಕಾಲನ್ನೇ ನೋಡುತ್ತಾರೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಇದು.

ಶಾಲೆಯ ಬಾಗಿಲಲ್ಲಿಯೂ ಬೂಟು ಇಡುವ ಗೂಡುಗಳಿವೆ. ಅನೇಕ ಶಾಲೆಗಳಲ್ಲಿ ಹೊರಗಿನ ಬೂಟು ಬಿಚ್ಚಿ ಒಳಗಿನ ಬೂಟು ಹಾಕಿಕೊಳ್ಳಬೇಕು. ಗುರುಗಳು ತರಗತಿಗೆ ಬಂದಾಗ ಎಲ್ಲರೂ ಎದ್ದು ನಿಂತು ತಲೆಬಾಗಿ ನಮಸ್ಕರಿಸುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ. ಊಟಕ್ಕೆ ಮೊದಲು ಕೈ ಜೋಡಿಸಿ "ಇತಾದಾಕಿಮಾಸ್" ಎನ್ನಬೇಕು. ಈ ಅನ್ನವನ್ನು ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಭಾವ. ಉಂಡ ಮೇಲೆ ಅಡುಗೆ ಮಾಡಿದವರಿಗೆ ಧನ್ಯವಾದ ಹೇಳುವ ಇನ್ನೊಂದು ಮಾತಿದೆ.

ಪಾಠಗಳು ಮುಗಿದ ಮೇಲೆ ಮನೆಗೆ ಓಡುವಂತಿಲ್ಲ. ಮಕ್ಕಳೇ ಕೈಯಲ್ಲಿ ಕಸಬರಿಗೆ, ಅರಿವೆ ಹಿಡಿದು ತರಗತಿಯನ್ನೂ ಪಡಸಾಲೆಯನ್ನೂ ಮೆಟ್ಟಿಲುಗಳನ್ನೂ ಸ್ವಚ್ಛ ಮಾಡುತ್ತಾರೆ. ಇದು ಶಿಕ್ಷೆಯಲ್ಲ, ಶಿಕ್ಷಣದ ಒಂದು ಭಾಗ. ಬೇರೆ ದೇಶದಿಂದ ಬಂದಿದ್ದೀರಿ ಎಂದು ನಿಮಗೆ ರಿಯಾಯಿತಿ ಇಲ್ಲ. ನಿಮ್ಮ ಪಾಲಿನ ಕಸವನ್ನು ನೀವೇ ಗುಡಿಸಬೇಕು. ಅನಂತರ ಆಟ, ಸಂಗೀತ, ಚಿತ್ರಕಲೆ ಹೀಗೆ ಯಾವುದಾದರೊಂದು ಸಂಘದಲ್ಲಿ ಸೇರಿ ಸಂಜೆಯವರೆಗೆ ಅಭ್ಯಾಸ. ಮಾತು ಬಾರದ ಹೊಸ ವಿದ್ಯಾರ್ಥಿಗೆ ಮೊದಲ ಗೆಳೆಯರು ಸಿಗುವುದು ಹೆಚ್ಚಾಗಿ ಇಲ್ಲಿಯೇ. ಚೆಂಡು ಹಿಡಿಯಲು ವ್ಯಾಕರಣ ಬೇಕಿಲ್ಲವಲ್ಲ!

ರಾತ್ರಿ ಸ್ನಾನ. ಅಲ್ಲಿ ಬಿಸಿನೀರಿನ ತೊಟ್ಟಿಯೊಂದಿರುತ್ತದೆ. ಅದೇ ನೀರಿನಲ್ಲಿ ಮನೆಯವರು ಒಬ್ಬರಾದ ಮೇಲೆ ಒಬ್ಬರು ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಆದ್ದರಿಂದ ಮೊದಲು ತೊಟ್ಟಿಯ ಹೊರಗೆ ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು. ಆಮೇಲೆ ತೊಟ್ಟಿಗೆ ಇಳಿಯಬೇಕು. ಇದು ತಿಳಿಯದೆ ತೊಟ್ಟಿಯಲ್ಲೇ ಸೋಪು ಹಚ್ಚಿಕೊಂಡರೆ ಉಳಿದವರ ಸ್ನಾನ ಕೆಡುತ್ತದೆ.

ಊಟದ ಕಷ್ಟ ಬೇರೆ. ನಿಮ್ಮಲ್ಲಿ ಕೆಲವರು ಮೀನು, ಮಾಂಸ ತಿನ್ನುವುದಿಲ್ಲ. ಜಪಾನಿನ ಅಡುಗೆಯಲ್ಲಿ ತರಕಾರಿಯ ಸಾರಿಗೂ ಒಣಮೀನಿನಿಂದ ತಯಾರಿಸಿದ ತಿಳಿಯನ್ನು ಹಾಕುವುದು ವಾಡಿಕೆ. ನಾನು ಇದನ್ನು ತಿನ್ನುವುದಿಲ್ಲ ಎಂದು ಮುಖ ಸಿಂಡರಿಸಿ ಹೇಳಬಹುದು, ಇಲ್ಲವೆ ನಯವಾಗಿ ತಿಳಿಸಿ ಹೇಳಬಹುದು. ಮನೆಯವರೂ ಯೋಚಿಸಿ ಬೇರೊಂದು ದಾರಿ ಹುಡುಕುತ್ತಾರೆ. ಒಂದು ದಿನ ನೀವೇ ಅಡುಗೆಮನೆಗೆ ಹೋಗಿ ಚಿತ್ರಾನ್ನ ಕಲಸಿ, ಊರಿನಿಂದ ತಂದ ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಬಹುದು. ಕೊಟ್ಟು ತೆಗೆದುಕೊಳ್ಳುವುದು ಎಂದರೆ ಇದೇ.

ಇನ್ನು ಭಾಷೆ. ಜಪಾನಿ ಭಾಷೆಗೆ 46 ಮೂಲ ಅಕ್ಷರಗಳ ಎರಡು ವರ್ಣಮಾಲೆಗಳಿವೆ. ಅವುಗಳ ಜೊತೆಗೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳಿವೆ. ದಿನಬಳಕೆಗೆ ಬೇಕೆಂದು ಅಲ್ಲಿಯ ಸರ್ಕಾರ ಗುರುತಿಸಿದ ಇಂಥ ಅಕ್ಷರಗಳು 2136. ನಮ್ಮ 49 ಅಕ್ಷರಗಳನ್ನೇ ಹೆಚ್ಚು ಎನ್ನುವವರು ಸ್ವಲ್ಪ ಯೋಚಿಸಿರಿ! ಆದರೆ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. "ನಾನು ಶಾಲೆಗೆ ಹೋಗುತ್ತೇನೆ" ಎಂಬುದನ್ನು ಜಪಾನಿಯಲ್ಲಿ "ವಾತಾಶಿ ವಾ ಗಾಕ್ಕೋ ನಿ ಇಕಿಮಾಸ್" ಎನ್ನುತ್ತಾರೆ. ವಾತಾಶಿ ಎಂದರೆ ನಾನು. ಗಾಕ್ಕೋ ಎಂದರೆ ಶಾಲೆ. ನಮ್ಮ "ಗೆ" ಪ್ರತ್ಯಯದ ಜಾಗದಲ್ಲಿ "ನಿ" ಇದೆ. ಇಕಿಮಾಸ್ ಎಂದರೆ ಹೋಗುತ್ತೇನೆ. ಕನ್ನಡದಂತೆಯೇ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ. ತಾಯ್ನುಡಿಯ ವ್ಯಾಕರಣವನ್ನು ಚೆನ್ನಾಗಿ ಕಲಿತವರಿಗೆ ಅದು ಎಲ್ಲಿ ಸಹಾಯಕ್ಕೆ ಬರುತ್ತದೆ ಎಂದು ಮೊದಲೇ ಹೇಳಲಾಗದು.

ಆದರೂ ತಪ್ಪುಗಳು ಆಗುತ್ತವೆ. ಜಪಾನಿಯಲ್ಲಿ "ಕವಾಯಿ" ಎಂದರೆ ಮುದ್ದಾಗಿದೆ, "ಕೊವಾಯಿ" ಎಂದರೆ ಭಯವಾಗುತ್ತದೆ. ಪಕ್ಕದ ಮನೆಯ ಅಜ್ಜಿ ತನ್ನ ಪುಟ್ಟ ನಾಯಿಮರಿಯನ್ನು ತೋರಿಸುತ್ತಾಳೆ. ನೀವು ಅದನ್ನು ಹೊಗಳಬೇಕೆಂದು ಬಾಯಿ ತೆರೆದು "ಕೊವಾಯಿ" ಎಂದುಬಿಡುತ್ತೀರಿ. ಅಜ್ಜಿ ನಗುತ್ತಾಳೆ. ಮನೆಯವರೂ ನಗುತ್ತಾರೆ. ನಿಮ್ಮ ಮುಖ ಕೆಂಪಾಗುತ್ತದೆ.

ಈಗ ಮುಂದಿನ ಕ್ಷಣ ಬಹಳ ಮುಖ್ಯ. ಅಜ್ಜಿ ಹತ್ತಿರ ಬಂದು ನಿಧಾನವಾಗಿ "ಕ-ವಾ-ಯಿ" ಎಂದು ಹೇಳಿಕೊಟ್ಟರೆ, ನೀವು ಅದನ್ನು ಮತ್ತೊಮ್ಮೆ ಹೇಳಿದರೆ, ಆ ಪದ ನಿಮಗೆ ಜೀವಮಾನವಿಡೀ ಮರೆಯದು. ನೀವೂ ಅವರೊಡನೆ ನಗುತ್ತೀರಿ. ಅದರ ಬದಲು ಎಲ್ಲರೂ ನಕ್ಕು ಸುಮ್ಮನಾದರೆ? ಮರುದಿನ ನೀವು ಬಾಯಿ ತೆರೆಯುವುದಿಲ್ಲ. ಒಂದು ವಾರ ಬಾಯಿ ತೆರೆಯದಿದ್ದರೆ ಊರಿಗೆ ಮರಳಿ ಹೋಗಬೇಕು ಎನಿಸುತ್ತದೆ.

ಊರಿನ ನೆನಪು ಎಂಥವರನ್ನೂ ಕಾಡುತ್ತದೆ. ಮೊದಮೊದಲು ಎಲ್ಲವೂ ಹೊಸದು, ಎಲ್ಲವೂ ಚೆಂದ. ಕೆಲವು ವಾರಗಳ ಮೇಲೆ ಹೊಸತನ ಕಳೆಯುತ್ತದೆ. ರಾತ್ರಿ ದಿಂಬಿಗೆ ಮುಖವೊತ್ತಿ ಅಳು ಬರುತ್ತದೆ. ಆಗ ಗಳಿಗೆ ಗಳಿಗೆಗೂ ಮನೆಗೆ ಫೋನ್ ಮಾಡಬೇಡಿ ಎಂದು ತಿಳಿದವರು ಬುದ್ಧಿ ಹೇಳುತ್ತಾರೆ. ಕಿವಿ ಊರಿನಲ್ಲಿದ್ದರೆ ಕಾಲಿನ ಕೆಳಗಿನ ನೆಲ ನಮ್ಮದಾಗುವುದಿಲ್ಲ. ಅಂಥ ಸಂಜೆ ನೀವು ಬಾಗಿಲು ತೆರೆದು ಸಣ್ಣ ದನಿಯಲ್ಲಿ "ತದಾಯಿಮಾ" ಎನ್ನುತ್ತೀರಿ. ಒಳಗಿನಿಂದ "ಒಕಾಯೆರಿ" ಎಂಬ ಉತ್ತರ ಬರುತ್ತದೆ. ಆ ಒಂದು ಉತ್ತರದಿಂದ ಅರ್ಧ ಭಾರ ಇಳಿಯುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ಎ.ಎಫ್.ಎಸ್.ನಂಥ ಸಂಸ್ಥೆಗಳಲ್ಲಿ ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಕುಟುಂಬದವರು ಸ್ವಯಂಸೇವಕರು. ಮಗುವನ್ನು ಇರಿಸಿಕೊಂಡದ್ದಕ್ಕೆ ಅವರು ಸಂಬಳ ಪಡೆಯುವುದಿಲ್ಲ. ಈ ಮಗು ಕೆಲವು ತಿಂಗಳಲ್ಲಿ ಹೋಗಿಬಿಡುತ್ತದೆ ಎಂದು ಅವರಿಗೆ ಮೊದಲ ದಿನವೇ ಗೊತ್ತು. ಆದರೂ ಊಟಕ್ಕೆ ಕರೆಯುತ್ತಾರೆ, ತಪ್ಪು ತಿದ್ದುತ್ತಾರೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ.

ವಿದೇಶದಲ್ಲಿ ಓದುವುದೆಂದರೆ ವಿಮಾನ, ಎತ್ತರದ ಕಟ್ಟಡ, ಇಂಗ್ಲಿಷ್ ಮಾತು ಎಂದು ಅನೇಕ ಹಿರಿಯರೂ ತಿಳಿದಿದ್ದಾರೆ. ಹಣವಿದ್ದವರ ಮಾತು, ನಮಗೇಕೆ ಎನ್ನುವವರೂ ಉಂಟು. ಹಣದ ಮಾತು ಸುಳ್ಳಲ್ಲ. ಹೋಗಿ ಬರಲು ಖರ್ಚಿದೆ. ವಿದ್ಯಾರ್ಥಿವೇತನಗಳೂ ಇವೆ, ಆದರೆ ಅವು ಎಲ್ಲರಿಗೂ ಸಿಗುವುದಿಲ್ಲ. ಆದರೆ ಆ ಮಕ್ಕಳು ಕಲಿಯುವ ನಿಜವಾದ ಪಾಠ ವಿಮಾನದಲ್ಲಿಲ್ಲ. ಅದು ಬೂಟು ಬಿಡುವ ಜಾಗದಲ್ಲಿ, ಸ್ನಾನದ ತೊಟ್ಟಿಯ ಬಳಿ, ಕಸಬರಿಗೆಯಲ್ಲಿ, ತಪ್ಪಾದ ಒಂದು ಪದದಲ್ಲಿ ಇದೆ. ಆ ಪಾಠದ ಅರ್ಧ ಭಾಗವನ್ನು ಹೋದವರು ಕಲಿಯಬೇಕು. ಉಳಿದ ಅರ್ಧವನ್ನು ಬರಮಾಡಿಕೊಂಡವರು ಕಲಿಯಬೇಕು. ಈ ಎರಡನೆಯ ಅರ್ಧವನ್ನು ಕಲಿಯಲು ಯಾರೂ ಜಪಾನಿಗೆ ಹೋಗಬೇಕಾಗಿಲ್ಲ.

ಇದನ್ನು ನಾನು ತಡವಾಗಿ ಕಲಿತೆ. ಅದನ್ನು ನಿಮಗೆ ಹೇಳಲೇಬೇಕು.

ನಮ್ಮ ಸೊಲ್ಲಾಪುರದ ಸೀಮೆಯಲ್ಲಿ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವವರು ಬರುತ್ತಾರೆ. ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತಾರೆ. ಬೇಸಿಗೆ ಬಂದಾಗ ಹೊರಡುತ್ತಾರೆ. ಹಲವು ವರ್ಷಗಳ ಹಿಂದೆ ಅವರ ಮಗನೊಬ್ಬ ನನ್ನ ಮೂರನೆಯ ತರಗತಿಗೆ ಬಂದು ಬಾಗಿಲಿನ ಬಳಿ ಕುಳಿತ. ಅವನ ಮನೆಮಾತು ಲಂಬಾಣಿ. ಕನ್ನಡ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಒಂದು ದಿನ ನಾನು ಪಡಸಾಲೆಯಲ್ಲಿ ಬರುವುದನ್ನು ಅವನೇ ಮೊದಲು ಕಂಡ. ಸಂತೋಷದಿಂದ ಎದ್ದು ನಿಂತು, "ಸರ್ ಬಂತು! ಸರ್ ಬಂತು!" ಎಂದು ಕೂಗಿದ.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

"ಸರ್ ಬಂದರು ಅನ್ನಬೇಕಪ್ಪಾ" ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅರ್ಧ ನಿಮಿಷವೂ ಬೇಡ. ಆ ಅರ್ಧ ನಿಮಿಷವನ್ನು ನಾನು ಕೊಡಲಿಲ್ಲ. ಹೇಗೂ ನಾಲ್ಕು ತಿಂಗಳಲ್ಲಿ ಹೋಗುವ ಹುಡುಗ ಎಂದು ಮನಸ್ಸಿನಲ್ಲಿ ಎಲ್ಲೋ ಎಣಿಸಿದ್ದೆ. ಕೆಲವು ದಿನ ಮಕ್ಕಳು ಅವನನ್ನು ಕಂಡರೆ "ಬಂತು, ಬಂತು" ಎಂದು ಕೂಗುತ್ತಿದ್ದರು. ಅವನು ಮಾತಾಡುವುದನ್ನು ಬಿಟ್ಟ. ಸಂಕ್ರಾಂತಿಯ ರಜೆಯ ಮೇಲೆ ಶಾಲೆಗೆ ಬರುವುದನ್ನೂ ಬಿಟ್ಟ. ಒಂದು ಸಂಜೆ ಹೊಲದ ದಾರಿಯಲ್ಲಿ ಕಬ್ಬಿನ ಸೋಗೆಯ ಹೊರೆ ಹೊತ್ತು ಎದುರಾದ. "ನಾಳೆ ಬಾರೋ" ಎಂದೆ. ತಲೆ ತಗ್ಗಿಸಿ ನಕ್ಕು ಮುಂದೆ ಹೋದ. ಮುಂದಿನ ವಾರ ನೋಡಿದರೆ ಗುಡಿಸಲುಗಳೇ ಇರಲಿಲ್ಲ.

ಜಪಾನಿನ ಅಜ್ಜಿಯಂಥವರು ಬೇರೆ ದೇಶದ ಮಗುವಿಗೆ ಕೊಡುವುದನ್ನು ನಾನು ನನ್ನ ತರಗತಿಯ ಮಗುವಿಗೆ ಕೊಡಲಿಲ್ಲ. ಅವನು ನಮ್ಮ ನೆಲಕ್ಕೆ ಬಂದ ವಿನಿಮಯ ವಿದ್ಯಾರ್ಥಿ ಎಂದು ನಾನು ತಿಳಿಯಲಿಲ್ಲ. ಅವನ ಭಾಷೆಯ ಒಂದು ಪದವನ್ನಾದರೂ ನಾವು ಕೇಳಿ ಕಲಿತಿದ್ದರೆ ಆ ನಾಲ್ಕು ತಿಂಗಳು ನಿಜವಾದ ವಿನಿಮಯವಾಗುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಹೊಸಬರ ತಪ್ಪು ಮಾತು ಕೇಳಿ ನಗು ಬಂದರೆ ಅದು ದೊಡ್ಡ ತಪ್ಪಲ್ಲ. ನಗು ಯಾರಿಗಾದರೂ ಬರುತ್ತದೆ. ನಕ್ಕ ಮೇಲೆ ಸರಿಯಾದ ಮಾತನ್ನು ಕೊಡದೆ ಇರುವುದು ತಪ್ಪು. ಸ್ವಲ್ಪ ದಿನದಲ್ಲಿ ಹೋಗುವವರು ಎಂದು ಅವರನ್ನು ಬಾಗಿಲಿನ ಬಳಿಯೇ ಕೂರಿಸುವುದು ಇನ್ನೂ ದೊಡ್ಡ ತಪ್ಪು.

ಇದನ್ನು ನಿಮಗಿಂತ ಚೆನ್ನಾಗಿ ಯಾರು ತಿಳಿಯಬಲ್ಲರು? ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳು ನೀವು. ಮನೆಯಲ್ಲಿ, ಶಾಲೆಯಲ್ಲಿ ಕನ್ನಡ ಆಡುತ್ತೀರಿ. ಬಜಾರಿನಲ್ಲಿ, ಎಸ್.ಟಿ. ಬಸ್ಸಿನಲ್ಲಿ ಮರಾಠಿ ಆಡುತ್ತೀರಿ. ಮರಾಠಿ ಮಾತಾಡುವಾಗ ಎಡವಿ, ಯಾರೋ ನಕ್ಕಾಗ ನಿಮ್ಮಲ್ಲಿ ಕೆಲವರ ಮುಖ ಕೆಂಪಾಗಿರಬಹುದು. ಆಗ ಯಾರಾದರೂ ಸರಿಯಾದ ಮಾತು ಹೇಳಿಕೊಟ್ಟಿದ್ದರೆ ಅವರ ಮುಖ ನಿಮಗೆ ಇಂದಿಗೂ ನೆನಪಿರುತ್ತದೆ.

ನಾಳೆ ನಿಮ್ಮ ತರಗತಿಗೆ ಬೇರೆ ಮಾತಿನ ಮಗುವೊಂದು ಬರಬಹುದು. ಬಂದರೆ ಮೂರು ಕೆಲಸ ಮಾಡಿರಿ. ನಿಮ್ಮ ಪಕ್ಕದಲ್ಲಿ ಜಾಗ ಕೊಡಿರಿ. ತಪ್ಪಿದ ಮಾತನ್ನು ಮೆಲ್ಲಗೆ ಹೇಳಿಕೊಡಿರಿ. "ನಿಮ್ಮ ಮಾತಿನಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿ ಒಂದು ಪದ ಕಲಿಯಿರಿ. ಗುರುಗಳು ಮರೆತರೆ ನೀವೇ ನೆನಪು ಮಾಡಿರಿ. ಗುರುಗಳೂ ಮರೆಯುತ್ತಾರೆ.

ಮುಂದೆ ಎಂದಾದರೂ ನಿಮ್ಮಲ್ಲಿ ಒಬ್ಬರು ದೂರದ ದೇಶದ ಮನೆಯೊಂದರ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಲ್ಲಬಹುದು. ಆಗ ಆ ಮನೆಯವರು ನಿಮ್ಮನ್ನು ಹೇಗೆ ಒಳಗೆ ಕರೆಯಬೇಕೆಂದು ಬಯಸುತ್ತೀರೋ ಹಾಗೆಯೇ ಇಂದು ಹೊಸ ಗೆಳೆಯನನ್ನು ಒಳಗೆ ಕರೆಯಿರಿ. ಅವನು ಊರು ಬಿಟ್ಟು ಹೊರಡುವ ದಿನ ನಿಮ್ಮನ್ನು ಹುಡುಕಿಕೊಂಡು ಬಂದು "ಹೋಗಿ ಬರ್ತೀನಿ" ಎನ್ನುವಂತಾಗಲಿ. ನನ್ನ ತರಗತಿಯ ಆ ಹುಡುಗ ಹಾಗೆ ಹೇಳದೆ ಹೋದ.